ಪಟ್ಟಿಯಲ್ಲಿ ಕಾಣದ ಐದು ವರ್ಷ

ಓದುಗರ ಪತ್ರ (ಸಂಕ್ಷಿಪ್ತ): ಕಳೆದ ಸಂಚಿಕೆಯ ಮಂಗೋಲರ ಲೇಖನದ ಜೊತೆ ಕೊಟ್ಟ ಖಾನರ ಪಟ್ಟಿಯಲ್ಲಿ ಒಗೆದೈ 1241ಕ್ಕೆ ಮುಗೀತಾನೆ, ಗುಯುಕ್ 1246ಕ್ಕೆ ಶುರುವಾಗ್ತಾನೆ. ನಡುವೆ ಯಾರು? 1248ರಿಂದ 1251ರವರೆಗೂ ಇದೇ ಕಥೆ. ಅಚ್ಚಿನ ತಪ್ಪೇ? ಅಪ್ಪನ ನಂತರ ಹಿರೀಮಗ ಅನ್ನೋ ಒಂದು ನಿಯಮ ಇದ್ದಿದ್ರೆ ಅಷ್ಟು ದೊಡ್ಡ ಸಾಮ್ರಾಜ್ಯ ಹೋಳಾಗ್ತಿರಲಿಲ್ಲ ಅಲ್ಲವೇ? ಮಕ್ಕಳಿಗೆ ನೆನಪಿಟ್ಟುಕೊಳ್ಳೋಕೆ ಸುಲಭವಾಗೋ ಪಟ್ಟಿ ಹಾಕಿ. ಕೊನೇ ಮಂಗೋಲ್ ದೊರೆ ಯಾರು ಅಂತಲೂ ತಿಳಿಸಿ.
– ನಿವೃತ್ತ ಶಿಕ್ಷಕರೊಬ್ಬರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಮೇಷ್ಟ್ರೇ, ಪಟ್ಟಿ ಕಂಡ ಕೂಡ್ಲೇ ಪುಟ ತಿರುವೋ ಕಾಲ ಇದು, ಅಂಥದ್ರಲ್ಲಿ ನೀವು ಕೂತು ಇಸವಿಯಿಂದ ಇಸವಿ ಕಳೆದು ನೋಡಿದ್ದೀರಿ. ನಿಮ್ಮಂಥೋರು ಇದ್ದಾರೆ ಅಂತಲೇ ಪತ್ರಿಕೆ ನಡೆಸೋ ಹುಮ್ಮಸ್ಸು ಉಳಿದಿರೋದು. ಆದ್ರೆ ಅದು ಅಚ್ಚಿನ ತಪ್ಪಲ್ಲ. ಲೇಖಕರು ಪಟ್ಟ ಕಟ್ಟಿಸಿಕೊಂಡ ಖಾನರನ್ನ ಮಾತ್ರ ಕೊಟ್ಟಿದ್ರು, ಎಲ್ಲಾ ಕಡೆ ನಡ್ಕೊಂಡು ಬಂದಿರೋ ರೂಢಿ ಅದು, ನನ್ನ ತಕರಾರು ಇರೋದೇ ಆ ರೂಢಿ ಮೇಲೆ. ಯಾಕಂದ್ರೆ ಆ ಐದು ವರ್ಷ ರಾಜ್ಯ ಏನು ಮಲಗಿರಲಿಲ್ಲ. ಉತ್ತರ ಚೀನಾದಿಂದ ಇರಾನ್ ತನಕ ಹುಕುಂ ಹೊರಡಿಸ್ತಾ ಇದ್ದವಳು ಚೆಂಗೀಸ್ ಖಾನನ ಮಗ ಒಗೆದೈನ ಹೆಂಡತಿ ತೊರೆಗೆನೆ.

ಗಂಡ ಸತ್ತ ಮೇಲೆ ಈಕೆ ಒಂದು ಮೂಲೇಲಿ ಕೂರಲಿಲ್ಲ ನೋಡಿ. ಒಗೆದೈ ತನ್ನ ಮೊಮ್ಮಗ ಶಿರೆಮುನ್‌ಗೆ ಪಟ್ಟ ಅಂದಿದ್ದ, ಈಕೆಗೆ ತನ್ನ ಮಗ ಗುಯುಕ್ ಬೇಕು. ಗಂಡನ ಕಾಲದ ದೊಡ್ಡ ಅಧಿಕಾರಿಗಳನ್ನ ಎತ್ತಂಗಡಿ ಮಾಡಿದ್ಲು. ಚಿಂಕಾಯ್ ಅಂತ ಹಳೇ ಮಂತ್ರಿ ಜೀವ ಉಳಿಸ್ಕೊಳ್ಳೋಕೆ ಆಕೆಯ ಇನ್ನೊಬ್ಬ ಮಗನ ಹತ್ರ ಓಡಿಹೋದ. ಸೆರೆಸಿಕ್ಕಿ ಬಂದಿದ್ದ ಫಾತಿಮಾ ಅನ್ನೋ ಇರಾನಿ ಹೆಂಗಸಿನ ಮಾತು ಆಸ್ಥಾನದಲ್ಲಿ ನಡೀತಿತ್ತು. ಅತ್ತ ವೋಲ್ಗಾ ಕಡೆ ಆಳ್ತಿದ್ದ ಚೆಂಗೀಸನ ಇನ್ನೊಬ್ಬ ಮೊಮ್ಮಗ ಬಾತುಗೆ ಗುಯುಕ್ ಕಂಡ್ರೆ ಆಗಲ್ಲ, ಕಾಲುನೋವು ಅಂತ ಹೇಳಿ ಖಾನನ್ನ ಆರಿಸೋ ಕುರುಲ್ತಾಯ್ ಸಭೆಗೇ ಬರ್ತಿಲ್ಲ. ಇಷ್ಟನ್ನೆಲ್ಲ ಸಂಭಾಳಿಸಿ 1246ರ ಆಗಸ್ಟಲ್ಲಿ ಮಗನ್ನ ಕೂರಿಸೇ ಬಿಟ್ಲು. ಪೋಪ್ ಕಳಿಸಿದ ಕಾರ್ಪಿನಿ ಅನ್ನೋ ಮುದಿ ಪಾದ್ರಿ ಅಲ್ಲಿದ್ದ, ಎಲ್ಲಾ ಬರೆದಿಟ್ಟಿದ್ದಾನೆ. ಎರಡು ಸಾವಿರ ಜನ ಹಿಡಿಸೋ ಬಿಳೀ ಡೇರೆಯಂತೆ, ಸರದಾರರೆಲ್ಲ ಮೊದಲ ದಿನ ಬಿಳಿ, ಎರಡನೇ ದಿನ ಕೆಂಪು, ಮೂರನೇ ದಿನ ನೀಲಿ, ನಾಲ್ಕನೇ ದಿನ ಜರತಾರಿ ಹಾಕ್ಕೊಂಡು ಬಂದ್ರಂತೆ. ರಷ್ಯಾದ ರಾಜ ಯಾರೋಸ್ಲಾವ್‌ಗೆ ತೊರೆಗೆನೆ ತನ್ನ ಕೈಯಾರೆ ಊಟ ಬಡಿಸಿದ್ಲು, ಏಳು ದಿನಕ್ಕೆ ಅವನು ಸತ್ತ, ಮೈಯೆಲ್ಲ ನೀಲಿಗಟ್ಟಿತ್ತು ಅಂತಾನೆ ಕಾರ್ಪಿನಿ. ವಿಷವೋ ಅಲ್ವೋ ಗೊತ್ತಿಲ್ಲ, ಅಲ್ಲಿದ್ದೋರು ಮಾತ್ರ ವಿಷ ಅಂತಲೇ ನಂಬಿದ್ರು. ಇಷ್ಟು ದೊಡ್ಡ ಅಧ್ಯಾಯ ನಮ್ಮ ಪಟ್ಟಿಗಳಲ್ಲಿ ಏನಾಗಿದೆ ಹೇಳಿ? ಎರಡು ಇಸವಿ ನಡುವಿನ ಗ್ಯಾಪ್.

ಎರಡನೇ ಗ್ಯಾಪ್ ಗುಯುಕ್ ಹೆಂಡತಿ ಓಗುಲ್ ಕೈಮಿಶ್‌ದು. ಫ್ರಾನ್ಸಿನ ಒಂಬತ್ತನೇ ಲೂಯಿ ಸ್ನೇಹಕ್ಕೆ ಅಂತ ಚರ್ಚಿನ ಥರ ಮಾಡಿಸಿದ ಒಂದು ಡೇರೆ ಕಳಿಸಿದ್ರೆ ಆಕೆ ಅದನ್ನ ಕಪ್ಪ ಅಂತ ಇಟ್ಕೊಂಡು, ವರ್ಷಾವರ್ಷ ಕಳಿಸ್ತಿರಪ್ಪಾ ಅಂತ ಉತ್ತರ ಬರೆಸಿದ್ಲು. ಆದ್ರೆ ಅತ್ತೆಯ ಜಾಣತನ ಈಕೆಗಿರಲಿಲ್ಲ. ಒಗೆದೈ ತಮ್ಮ ತೊಲುಯ್‌ನ ವಿಧವೆ ಸೊರ್ಗಗ್ತಾನಿ ಸದ್ದಿಲ್ಲದೆ ಬಾತು ಜೊತೆ ಕೈಜೋಡಿಸಿ ತನ್ನ ಮಗ ಮೊಂಗ್ಕೆನ ಖಾನ್ ಮಾಡಿಸಿದ್ಲು, 1251ರಲ್ಲಿ. ಆ ಸಂಭ್ರಮದ ಹೊತ್ತಲ್ಲೇ ಒಂದು ಘಟನೆ ನಡೆಯುತ್ತೆ, ನನಗೆ ಎಷ್ಟು ಸಲ ಓದಿದ್ರೂ ಸಾಕಾಗಲ್ಲ. ಮೊಂಗ್ಕೆ ಕಡೆಯ ಗಿಡುಗ ಸಾಕೋನೊಬ್ಬ ಕಳೆದುಹೋದ ಪ್ರಾಣಿ ಹುಡುಕ್ಕೊಂಡು ಹೋಗಿರ್ತಾನೆ, ದಾರೀಲಿ ಗಾಡಿಗಳ ಸಾಲು, ಅದ್ರಲ್ಲೊಂದು ಮುರಿದು ನಿಂತಿದೆ, ಗಾಡಿ ಹುಡುಗ ಇವನನ್ನ ತಮ್ಮ ಕಡೆಯೋನೇ ಅಂದ್ಕೊಂಡು ಸ್ವಲ್ಪ ಕೈಹಾಕಣ್ಣ ಅಂತಾನೆ, ಬಗ್ಗಿ ನೋಡಿದ್ರೆ ಒಳಗೆ ಬರೀ ಆಯುಧ! ಉಡುಗೊರೆ ತರೋ ನೆಪದಲ್ಲಿ ಶಿರೆಮುನ್ ಕಡೆಯೋರು ಮೊಂಗ್ಕೆನ ಮುಗಿಸೋಕೆ ಬರ್ತಿದ್ರು. ಗಿಡುಗದವನು ಬಾಯಿ ಮುಚ್ಕೊಂಡು ಗಾಡಿ ರಿಪೇರಿ ಮಾಡಿಕೊಟ್ಟು, ಆಮೇಲೆ ಕುದುರೆ ಓಡಿಸ್ಕೊಂಡು ಬಂದು ಸುದ್ದಿ ಮುಟ್ಟಿಸಿದ. ಒಗೆದೈ ವಂಶದ ಕಥೆ ಬಹುಪಾಲು ಅಲ್ಲಿಗೆ ಮುಗೀತು. ಓಗುಲ್ ಕೈಮಿಶ್‌ನ ಕಂಬಳಿಯಲ್ಲಿ ಸುತ್ತಿ ನದಿಗೆ ಹಾಕಿದ್ರು.

ಈಗ ನಿಮ್ಮ ಹಿರೀಮಗನ ವಿಚಾರ. ನಿಮ್ಮ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಖಾನ್ ಸತ್ತಾಗಲೆಲ್ಲ ಕೆಲಸ ನಿಲ್ತಿತ್ತು ನಿಜ, 1259ರಲ್ಲಿ ಮೊಂಗ್ಕೆ ಚೀನಾದ ಕೋಟೆಯೊಂದರ ಮುತ್ತಿಗೇಲಿ ಸತ್ತಾಗ ಅವನ ತಮ್ಮ ಹುಲಗು ಸಿರಿಯಾದಿಂದ ತನ್ನ ದಂಡಿನ ದೊಡ್ಡ ಪಾಲನ್ನ ವಾಪಸ್ ಕರ್ಕೊಂಡು ಹೋದ, ಮರುವರ್ಷ ಪ್ಯಾಲೆಸ್ಟೈನಿನ ಅಯ್ನ್ ಜಾಲೂತಲ್ಲಿ ಉಳಿದೋರು ಈಜಿಪ್ಟಿನ ದಂಡಿಗೆ ಸೋತ್ರು. ಇತ್ತ ಮೊಂಗ್ಕೆಯ ಇನ್ನಿಬ್ಬರು ತಮ್ಮಂದಿರು ಕುಬ್ಲಾಯ್, ಅರಿಕ್ ಬೋಕೆ, ಈ ಅಣ್ಣತಮ್ಮಂದಿರಿಬ್ಬರೂ ಬೇರೆ ಬೇರೆ ಸಭೆ ಕರೆದು ಇಬ್ಬರೂ ಖಾನ್ ಆದ್ರು. ಅರಿಕ್ ಬೋಕೆ ಕೈಲಿದ್ದ ರಾಜಧಾನಿ ಕಾರಕೋರಂ ಪಟ್ಟಣಕ್ಕೆ ಊಟ ಬರ್ತಿದ್ದದ್ದು ಚೀನಾ ಕಡೆಯಿಂದ, ಒಗೆದೈ ಕಾಲದಲ್ಲೇ ದಿನಕ್ಕೆ 500 ಗಾಡಿ ಅಂತ ಬರೆದಿದ್ದಾರೆ, ಕುಬ್ಲಾಯ್ ಅದನ್ನ ನಿಲ್ಲಿಸಿದ, 1264ಕ್ಕೆ ತಮ್ಮ ಬಂದು ಶರಣಾದ. ಒಪ್ಪಿದೆ, ಗಲಾಟೆಯ ಪದ್ಧತಿ.

ಆದ್ರೆ ಮೇಷ್ಟ್ರೇ, ನೀವು ಕೇಳ್ತಿರೋ ಔಷಧಿ ಕುಬ್ಲಾಯ್ ಕುಡಿದು ನೋಡಿದ್ದ! ಚೀನಾದ ಪದ್ಧತಿಯಂತೆ 1273ರಲ್ಲೇ ಮಗ ಝೆಂಜಿನ್‌ನ ಯುವರಾಜ ಅಂತ ಘೋಷಿಸಿದ. ಅಪ್ಪನಿಗಿಂತ ಮೊದಲು ಮಗನೇ ಹೋದ. 1294ರಲ್ಲಿ ಕುಬ್ಲಾಯ್ ಸತ್ತಾಗ ಮತ್ತೆ ಅದೇ ಸಭೆ, ಝೆಂಜಿನ್ ಮಕ್ಕಳಲ್ಲಿ ಹಿರಿಯ ಕಮ್ಮಲ, ಕಿರಿಯ ತೆಮೂರ್. ಆಗ ಅವರಮ್ಮ ಕೋಕೆಜಿನ್ ಒಂದು ಪರೀಕ್ಷೆ ಇಟ್ಲು, ಚೆಂಗೀಸ್ ಖಾನನ ನುಡಿಗಳನ್ನ ಯಾರು ಚೆನ್ನಾಗಿ ಹೇಳ್ತೀರೋ ಅವರಿಗೆ ಪಟ್ಟ ಅಂತ. ಹಿರಿಯನಿಗೆ ಉಗ್ಗು, ಕಿರಿಯ ಗೆದ್ದ. ಆ ತೆಮೂರ್ 1307ರಲ್ಲಿ ತೀರಿಕೊಂಡ ಮೇಲೆ 1333ರೊಳಗೆ ಎಂಟು ಜನ ಬಂದು ಹೋದ್ರು, ಒಬ್ಬ ಏಳು ವರ್ಷ ತುಂಬದ ಕೂಸು, ಎರಡು ತಿಂಗಳೂ ಬಾಳಲಿಲ್ಲ. ಹುಲಗು ವಂಶದೋರು ಆಳ್ತಿದ್ದ ಇರಾನಲ್ಲಿ ಇನ್ನೊಂದು ಥರ. ಅಲ್ಲಿನ ದೊರೆ ಅಬೂ ಸಯೀದ್ 1335ರಲ್ಲಿ ಮಗನಿಲ್ಲದೆ ಸತ್ತ, ಹೆಂಡತಿ ದಿಲ್ಶಾದ್ ಬಸುರಿ, ಹುಟ್ಟಿದ್ದು ಹೆಣ್ಣು. ಅಷ್ಟೊತ್ತಿಗಾಗ್ಲೇ ಸರದಾರರು ತಮಗೆ ಬೇಕಾದೋರನ್ನ ಎಳೆತಂದು ಕೂರಿಸೋಕೆ ಶುರು ಮಾಡಿದ್ರು. ತಮಾಷೆ ಏನಂದ್ರೆ ಮೂರು ವರ್ಷದ ಮೇಲೆ ಅದೇ ಸರದಾರರ ಗುಂಪೊಂದಕ್ಕೆ ಬೇರೆ ದಾರಿ ಕಾಣದೆ ಅವನ ಅಕ್ಕ ಸತಿ ಬೇಗ್‌ನ ಕೂರಿಸಿ ಆಕೆ ಹೆಸರಲ್ಲಿ ನಾಣ್ಯ ಹೊಡೆಸಿದ್ರು. ಹೆಣ್ಣು ಆಳಬಾರದು ಅನ್ನೋ ನಿಯಮ ಅನುಕೂಲಕ್ಕೆ ತಕ್ಕ ಹಾಗೆ ಬಗ್ಗುತ್ತೆ, ಏನಂತೀರಿ?

ಚೆಂಗೀಸನ ಇನ್ನೊಬ್ಬ ಮಗ ಚಗತಾಯ್‌ನ ಮಧ್ಯ ಏಷ್ಯಾದ ಶಾಖೆ ಬಗ್ಗೆ ಬರೆಯೋಕೆ ಜಾಗ ಇಲ್ಲ, ಆದ್ರೂ ನಿಮ್ಮ ಜಿಲ್ಲೆ ಹೆಸರು ನೋಡಿ ಒಂದು ಮಾತು. 1299ರಿಂದ ದಿಲ್ಲಿ ಮೇಲೆ ಬಂದ ದಂಡುಗಳು ಅಲ್ಲಿಂದಲೇ, ಅವರನ್ನ 1306ರ ಸುಮಾರಿಗೆ ಎದುರಿಸಿದ ಮಲಿಕ್ ಕಾಫೂರನೇ 1311ರಲ್ಲಿ ದ್ವಾರಸಮುದ್ರದ ಬಾಗಿಲಿಗೆ ಬಂದದ್ದು. ಮಕ್ಕಳಿಗೆ ಇದನ್ನ ಹೇಳಿ ಮೇಷ್ಟ್ರೇ, ಕಿವಿ ನೆಟ್ಟಗಾಗುತ್ತೆ.

ಅದು ಬಿಟ್ಟು ಪಟ್ಟಿ ಕೇಳ್ತೀರಲ್ಲ! ಈ ಪಟ್ಟಿ ಹುಚ್ಚು ನಮ್ಮನ್ನ ಎಲ್ಲಿಗೆ ತಂದಿದೆ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗ್ರು ನಮ್ಮ ಆಫೀಸಿಗೆ ಬರ್ತಾರೆ, ಯಾರಾದ್ಮೇಲೆ ಯಾರು ಅಂತ ಕೇಳಿದ್ರೆ ಗಡಿಯಾರದ ಥರ ಹೇಳ್ತಾರೆ, ಯಾಕೆ ಅವನೇ ಬಂದ, ಯಾರು ಬರಬೇಕಿತ್ತು ಅಂದ್ರೆ ಮುಖ ಮುಖ ನೋಡ್ತಾರೆ, ಸರ್ ಅದು ಸಿಲಬಸ್ಸಲ್ಲಿಲ್ಲ ಅಂತಾರೆ. ಅವರ ತಪ್ಪೇನಿಲ್ಲ, ಪಿಡಿಎಫ್ ಮಾರೋರಿಗೆ ಒಂದು ಸಾಲಿನ ಉತ್ತರ ಬೇಕು. ನಮ್ಮ ಮನೆ ಹಿರಿಯರು ಬರೆಸಿಟ್ಟ ವಂಶಾವಳೀಲೂ ಗಂಡಸರ ಹೆಸರು ಏಳು ತಲೆಮಾರು ಸಿಗುತ್ತೆ, ಜಮೀನು ಉಳಿಸಿದ ಮುತ್ತಜ್ಜಿ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಹಾಗಾಗಿ ಪಟ್ಟಿ ಹಾಕಲ್ಲ, ಬೇಜಾರು ಮಾಡ್ಕೋಬೇಡಿ. ತೊರೆಗೆನೆ, ಓಗುಲ್ ಕೈಮಿಶ್ ಎರಡು ಹೆಸರನ್ನೂ ನೀವೇ ಪೆನ್ನಲ್ಲಿ ಸೇರಿಸ್ಕೊಳ್ಳಿ.

ಇನ್ನು ಕೊನೇ ದೊರೆ ಯಾರು ಅನ್ನೋದು. ಪರೀಕ್ಷೆಯಲ್ಲಿ ಕೇಳಿದ್ರೆ ತೊಘೊನ್ ತೆಮೂರ್, 1368 ಅಂತ ಬರೆಸಿ, ಮಾರ್ಕ್ಸ್ ಬರುತ್ತೆ. ನಿಜಕ್ಕೂ ಚೀನಾ ಆಳ್ತಿದ್ದ ಅವನು ಬೀಜಿಂಗ್ ಬಿಟ್ಟು ಉತ್ತರಕ್ಕೆ ಓಡಿದ, ಅಲ್ಲಿ ಅವನ ಕಡೆಯೋರು ಮುಂದೆಯೂ ಖಾನ್ ಅನ್ನಿಸಿಕೊಂಡೇ ಇದ್ರು, ಆ ಸಾಲಿನ ಲಿಗ್ದನ್ ಖಾನ್ ಸತ್ತಿದ್ದು 1634ರಲ್ಲಿ. ಚೆಂಗೀಸನ ರಕ್ತಕ್ಕೆ ಎಷ್ಟು ಬೆಲೆ ಇತ್ತು ಅಂದ್ರೆ ತೈಮೂರನಂಥ ತೈಮೂರನೇ ಖಾನ್ ಅಂತ ಕರ್ಕೊಳ್ಳೋ ಧೈರ್ಯ ಮಾಡದೆ ಆ ವಂಶದ ಹುಡುಗಿಯನ್ನ ಮದುವೆಯಾಗಿ ಅಳಿಯ ಅನ್ನೋ ಬಿರುದಲ್ಲೇ ತೃಪ್ತಿಪಟ್ಟ. ರಷ್ಯಾದ ನಾಲ್ಕನೇ ಇವಾನ್ 1575ರಲ್ಲಿ ಆ ವಂಶದ ಸಿಮಿಯೋನ್ ಬೆಕ್ಬುಲಾತೊವಿಚ್‌ನ ತಂದು ಸುಮಾರು ಒಂದು ವರ್ಷ ತನ್ನ ಜಾಗದಲ್ಲಿ ಕೂರಿಸಿದ್ದ, ಯಾಕೆ ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ. ಕ್ರೈಮಿಯಾದಲ್ಲಿ ಅದೇ ವಂಶದ ಗಿರಾಯ್ ಮನೆತನದ ಶಾಹಿನ್ ಗಿರಾಯ್‌ನ ಕ್ಯಾಥರೀನ್ ರಾಣಿ ಇಳಿಸಿ ರಾಜ್ಯ ನುಂಗಿದ್ದು 1783ರಲ್ಲಿ, ನಮ್ಮಲ್ಲಿ ಟಿಪ್ಪು ಪಟ್ಟಕ್ಕೆ ಬಂದ ಮರುವರ್ಷ.