ಲಿನಕ್ಸ್‌ನಲ್ಲಿ ದುಡಿಯ ಸದ್ದಿಗೆ ಯಾವ ಸ್ಯಾಂಪ್ಲರ್?

ಸೋಮವಾರಪೇಟೆ ಕಡೆಯವರಾದ ತಾವು, ಉಬುಂಟು ಹಾಕಿರುವ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಪಿಯಾನೊ, ಪಿಟೀಲುಗಳ ಜೊತೆಗೆ ನಮ್ಮ ಕೊಡಗಿನ ದುಡಿ (ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ಚರ್ಮವಾದ್ಯ) ಮತ್ತು ಕೊಂಬಿನ ಸದ್ದನ್ನೂ ಸೇರಿಸಿ ಸಂಗೀತ ಕಟ್ಟಬೇಕೆಂದಿದ್ದೀರಿ. ಇದಕ್ಕೆ ಯಾವ ಸ್ಯಾಂಪ್ಲರ್ (ಮುದ್ರಿಸಿಟ್ಟ ಸದ್ದಿನ ತುಣುಕುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ಕೀಬೋರ್ಡಿನ ಕೀಲಿಗಳಿಂದ ನುಡಿಸುವ ತಂತ್ರಾಂಶ) ಸರಿ, ಅದನ್ನು ಹೇಗೆ ಸಜ್ಜುಗೊಳಿಸಬೇಕು, ಕಾಂಟ್ಯಾಕ್ಟ್ ಎಂಬ ಹಣ ಕೊಟ್ಟು ಕೊಳ್ಳುವ ಸ್ಯಾಂಪ್ಲರ್ ಇಲ್ಲದೆ ಇದು ಆಗುವುದೇ ಇಲ್ಲವೆಂಬ ಮಾತು ನಿಜವೇ ಎಂದು ಕೇಳಿದ್ದೀರಿ. ನಾಪೋಕ್ಲು ಸಮೀಪದ ನಮ್ಮ ಮನೆಯಲ್ಲಿ ನಾನು ಕೆಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅದರ ಬಲದ ಮೇಲೆ ಹೇಳುವುದಾದರೆ, ಸ್ಯಾಂಪ್ಲರನ್ನು ಮೊದಲು ಆರಿಸಬೇಡಿ. ನಿಮ್ಮ ಸದ್ದುಗಳು ಯಾವ ಬಗೆಯ ಫೈಲಿನಲ್ಲಿ ಇರಬೇಕೆಂಬುದನ್ನು ಮೊದಲು ನಿಶ್ಚಯಿಸಿ. ನೀವೇ ಧ್ವನಿಮುದ್ರಿಸಿದ ದುಡಿಗೆ ಎಸ್‌ಎಫ್‌ಝಡ್ (SFZ) ಫೈಲನ್ನು ಬರೆದು, ಎಸ್‌ಫಿಝ್ (sfizz) ಎಂಬ ಸ್ಯಾಂಪ್ಲರಿನಲ್ಲಿ ನುಡಿಸುವುದು ನನ್ನ ಸ್ಪಷ್ಟ ಸಲಹೆ.

ಎಸ್‌ಎಫ್‌ಝಡ್ ಎಂದರೆ ಬರಿಯ ಪಠ್ಯದ ಫೈಲು. ಯಾವ ಸ್ಯಾಂಪಲ್ ಯಾವ ಕೀಲಿಗೆ, ಎಷ್ಟು ಜೋರಾಗಿ ಒತ್ತಿದಾಗ ಯಾವುದು ನುಡಿಯಬೇಕು ಎಂಬುದೆಲ್ಲ ಅದರಲ್ಲಿ ಓದಲು ಬರುವಂತೆ ಬರೆದಿರುತ್ತದೆ. ಸದ್ದುಗಳು ಪಕ್ಕದ ಫೋಲ್ಡರಿನಲ್ಲಿ ಸಾಮಾನ್ಯ ವೇವ್ ಅಥವಾ ಫ್ಲ್ಯಾಕ್ ಫೈಲುಗಳಾಗಿ ಇರುತ್ತವೆ. ನಾಳೆ ಒಂದು ಸ್ಯಾಂಪ್ಲರ್ ನಿಂತುಹೋದರೂ ನಿಮ್ಮ ದುಡಿ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಇಲ್ಲಿನ ವಾದ್ಯಗಳನ್ನು ಮುಂದಿನವರಿಗೂ ಉಳಿಸಬೇಕೆನ್ನುವವರಿಗೆ ಈ ಗುಣ ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ. ಎಸ್‌ಫಿಝ್ ಮುಕ್ತ ತಂತ್ರಾಂಶ. ಎಲ್‌ವಿ2 ಪ್ಲಗಿನ್ (ಬೇರೊಂದು ತಂತ್ರಾಂಶದೊಳಗೆ ಸೇರಿಕೊಳ್ಳುವ ಭಾಗ) ಆಗಿ ಆರ್ಡರ್ (Ardour), ಕ್ಯೂಟ್ರ್ಯಾಕ್ಟರ್ ಮೊದಲಾದ ಸಂಗೀತ ಮುದ್ರಿಸಿ ಜೋಡಿಸುವ ತಂತ್ರಾಂಶಗಳ ಒಳಗೇ ತೆರೆದುಕೊಳ್ಳುತ್ತದೆ.

ಉಳಿದವುಗಳಿಗೂ ಅವುಗಳದೇ ಜಾಗವಿದೆ. ಎಸ್‌ಎಫ್2 ಸೌಂಡ್‌ಫಾಂಟ್‌ಗಳು (ವಾದ್ಯದ ಸದ್ದುಗಳೆಲ್ಲ ಒಂದೇ ಫೈಲಿನಲ್ಲಿ ಕಟ್ಟಿರುವ ಬಗೆ) ಇದ್ದರೆ ಫ್ಲೂಯಿಡ್‌ಸಿಂತ್ ಸಾಕು. ಅದಕ್ಕೆ ಕ್ಯೂಸಿಂತ್ ಎಂಬ ಕಿಟಕಿ ಸಿಗುತ್ತದೆ. ಗಿಗಾಸ್ಯಾಂಪ್ಲರ್ ಎಂಬ ಹಳೆಯ ಸ್ಯಾಂಪ್ಲರಿನ ಗಿಗ್ ಫೈಲುಗಳಿದ್ದರೆ ಲಿನಕ್ಸ್‌ಸ್ಯಾಂಪ್ಲರ್ ಬೇಕು. ಅದು ಪ್ರತಿ ಸ್ಯಾಂಪಲಿನ ಮೊದಲ ತುಣುಕನ್ನಷ್ಟೇ ಮೆಮೊರಿಯಲ್ಲಿಟ್ಟು, ಉಳಿದುದನ್ನು ನುಡಿಸುತ್ತಿರುವಾಗಲೇ ಡಿಸ್ಕಿನಿಂದ ಓದಿಕೊಳ್ಳುತ್ತದೆ. ಅದರ ಪರವಾನಗಿಯಲ್ಲಿ ವಾಣಿಜ್ಯ ಬಳಕೆಯ ಬಗ್ಗೆ ಒಂದು ನಿರ್ಬಂಧವಿರುವುದರಿಂದ ಉಬುಂಟುವಿಗೆ ಮೂಲವಾದ ಡೆಬಿಯನ್ ಅದನ್ನು ತನ್ನ ಮುಖ್ಯ ಭಂಡಾರದಲ್ಲಿ ಇಟ್ಟುಕೊಂಡಿಲ್ಲ. ಹಲವು ಮೈಕುಗಳಲ್ಲಿ ಮುದ್ರಿಸಿದ ಪಾಶ್ಚಾತ್ಯ ಡ್ರಮ್ ಸೆಟ್ ಬೇಕಿದ್ದರೆ ಡ್ರಮ್‌ಗಿಝ್ಮೊ ಇದೆ, ಆದರೆ 8 ಜಿಬಿ ಯಂತ್ರಕ್ಕೆ ಅದು ಭಾರವಾಗುತ್ತದೆ. ಕಾಂಟ್ಯಾಕ್ಟ್ ಲಿನಕ್ಸ್‌ಗೆಂದು ಬರುವುದಿಲ್ಲ. ವಿಂಡೋಸ್ ತಂತ್ರಾಂಶ, ಪ್ಲಗಿನ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮತ್ತು ಯಾಬ್ರಿಜ್ ಮೂಲಕ ಅದನ್ನು ಓಡಿಸುವವರಿದ್ದಾರೆ. ಈಗಾಗಲೇ ಹಣ ಕೊಟ್ಟು ಅದರ ಲೈಬ್ರರಿಗಳನ್ನು ಕೊಂಡಿದ್ದರೆ ಆ ದಾರಿ ಹಿಡಿಯಬಹುದು, ಇಲ್ಲವಾದರೆ ಅಗತ್ಯವಿಲ್ಲ. ನಿಮ್ಮ ಪಿಯಾನೊಗೆ ಸಲಮ್ಯಾಂಡರ್ ಗ್ರ್ಯಾಂಡ್ ಪಿಯಾನೊ ಎಂಬ ಉಚಿತ ಎಸ್‌ಎಫ್‌ಝಡ್ ಲೈಬ್ರರಿ ಇದೆ. ಯಮಹಾ ಸಿ5 ಪಿಯಾನೊವನ್ನು 16 ಬಲಮಟ್ಟಗಳಲ್ಲಿ ಮುದ್ರಿಸಿ ಅದನ್ನು ಮಾಡಲಾಗಿದೆ. ಪಿಟೀಲುಗಳಿಗೆ ವಿಎಸ್‌ಸಿಒ 2 ಕಮ್ಯುನಿಟಿ ಎಡಿಷನ್ ಎಂಬ ಉಚಿತ ವಾದ್ಯವೃಂದದ ಲೈಬ್ರರಿ ನೋಡಿ. ವಿಂಡೋಸ್‌ನಲ್ಲಿ ಬರೆದ ಎಸ್‌ಎಫ್‌ಝಡ್ ಫೈಲುಗಳಲ್ಲಿ ಕೆಲವು ಸ್ವರಗಳು ಮೂಕವಾದರೆ ಫೈಲಿನ ಹೆಸರುಗಳನ್ನು ಪರೀಕ್ಷಿಸಿ, ಏಕೆಂದರೆ ಲಿನಕ್ಸ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದೇ ಎಣಿಸುತ್ತದೆ.

ಇನ್ನು ಯಂತ್ರದ ಸಜ್ಜು. ಕೀಲಿ ಒತ್ತಿದ ಕ್ಷಣಕ್ಕೂ ಸದ್ದು ಕೇಳುವ ಕ್ಷಣಕ್ಕೂ ನಡುವಿನ ವಿಳಂಬವನ್ನು ಕಡಿಮೆ ಮಾಡುವುದೇ ಇಲ್ಲಿನ ಮುಖ್ಯ ಕೆಲಸ. ಸೆಕೆಂಡಿಗೆ 48,000 ಸ್ಯಾಂಪಲ್ (ಇಲ್ಲಿ ಸದ್ದಿನ ಒಂದೊಂದು ಅಳತೆ ಎಂದರ್ಥ) ದರದಲ್ಲಿ ಬಫರ್, ಅಂದರೆ ಯಂತ್ರ ಒಂದು ಸಲಕ್ಕೆ ಸಂಸ್ಕರಿಸುವ ಅಳತೆಗಳ ಗುಂಪು, 256 ಇದ್ದರೆ ಒಂದು ಸುತ್ತಿಗೆ ಸುಮಾರು 5.3 ಮಿಲಿಸೆಕೆಂಡ್ ಹಿಡಿಯುತ್ತದೆ. 128 ಇಟ್ಟರೆ ಅದರ ಅರ್ಧ. ದುಡಿಯ ಪೆಟ್ಟನ್ನು ಬೆರಳಿನಲ್ಲಿ ನುಡಿಸುವಾಗ 128ಕ್ಕೆ ಇಳಿಸಿ, ಮಿಶ್ರಣ ಮಾಡುವಾಗ 1024ಕ್ಕೆ ಏರಿಸಿ. ನಿಮ್ಮ ಬಳಕೆದಾರ ಹೆಸರು ಆಡಿಯೊ ಗುಂಪಿನಲ್ಲಿದೆಯೇ, ಆ ಗುಂಪಿಗೆ ನೈಜಕಾಲದ ಆದ್ಯತೆಯೂ (ಸದ್ದಿನ ಕೆಲಸ ಬೇರೆ ಕೆಲಸಗಳಿಗಿಂತ ಮೊದಲು ನಡೆಯುವುದು) ಮೆಮೊರಿ ಲಾಕ್ ಮಾಡುವ ಅನುಮತಿಯೂ ಸಿಕ್ಕಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಸದ್ದು ನಡುನಡುವೆ ಚಟಪಟ ಎನ್ನುವುದಕ್ಕೆ ಬಹಳ ಸಲ ಇದೇ ಕಾರಣ. ಇತ್ತೀಚಿನ ಉಬುಂಟುವಿನಲ್ಲಿ ಸದ್ದನ್ನು ನಿರ್ವಹಿಸುವ ಪೈಪ್‌ವೈರ್ ತಾನಾಗಿಯೇ ಇರುತ್ತದೆ, ಜ್ಯಾಕ್ ಎಂಬ ಧ್ವನಿ ವ್ಯವಸ್ಥೆಯನ್ನು ಬೇಡುವ ತಂತ್ರಾಂಶಗಳನ್ನೂ ಅದರ ಮೇಲೆಯೇ ಓಡಿಸಬಹುದು. ಆದರೆ ನಿಮ್ಮ ಕೆಲಸವೆಲ್ಲ ಆರ್ಡರ್ ಒಳಗೇ ನಡೆಯುವುದಾದರೆ, ಅಲ್ಲಿ ನೇರವಾಗಿ ಆಲ್ಸಾ (ಲಿನಕ್ಸ್‌ನ ತಳಮಟ್ಟದ ಧ್ವನಿ ವ್ಯವಸ್ಥೆ) ಆರಿಸಿಕೊಳ್ಳುವುದು ಎಲ್ಲಕ್ಕಿಂತ ಸರಳ. ಆ ಹೊತ್ತಿನಲ್ಲಿ ಬ್ರೌಸರಿನ ಸದ್ದು ಕೇಳದಿದ್ದರೆ ಗಾಬರಿಯಾಗಬೇಡಿ, ಧ್ವನಿ ಸಾಧನ ಆರ್ಡರಿನ ವಶದಲ್ಲಿರುತ್ತದೆ.

ಈಗ ದುಡಿಗೆ ಬರೋಣ, ಏಕೆಂದರೆ ಇದನ್ನು ಬೇರೆಯವರು ಮಾಡಿಕೊಡುವುದಿಲ್ಲ. ಮುದ್ರಣವನ್ನು ಮಳೆಗಾಲದಲ್ಲಿ ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹೆಂಚಿನ ಮತ್ತು ತಗಡಿನ ಮಾಡುಗಳ ಕೆಳಗೆ ಮಳೆಯದೇ ಸದ್ದು. ಕಾಫಿ ಕೊಯ್ಲಿನ ದಿನಗಳಲ್ಲಿ ಹಗಲೆಲ್ಲ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತಿರುತ್ತದೆ. ನಾನು ಜನವರಿಯ ಒಂದು ಬೆಳಗಿನ ಜಾವ, ಜೀರುಂಡೆಗಳು ಸುಮ್ಮನಾಗಿದ್ದ ಹೊತ್ತಿನಲ್ಲಿ, ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಕೈಯಾಲೆಯಲ್ಲಿ (ಜಗುಲಿಯಲ್ಲಿ) ಮೈಕನ್ನು ದುಡಿಯಿಂದ ಎರಡು ಅಡಿ ದೂರದಲ್ಲಿಟ್ಟು ಮುದ್ರಿಸಿದೆ. ಮರದ ಕಂಬಗಳಿರುವ ಆ ಜಾಗದ ಮೆಲುವಾದ ಮಾರ್ದನಿ ಸದ್ದಿಗೆ ಒಪ್ಪುತ್ತದೆ. ಬರಿಯ ಸಿಮೆಂಟು ಕೋಣೆಯಲ್ಲಿ ಅದು ಕಿವಿಗೆ ಚುಚ್ಚುತ್ತದೆ.

ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಎಂದು ಮೂರು ಬಲಮಟ್ಟಗಳಲ್ಲಿ, ಪ್ರತಿ ಮಟ್ಟಕ್ಕೂ ನಾಲ್ಕು ಪೆಟ್ಟು ಮುದ್ರಿಸಿ. ಎರಡು ಬಗೆಯ ಪೆಟ್ಟಿಗೆ ಒಟ್ಟು 24 ಸ್ಯಾಂಪಲ್ ಆಗುತ್ತವೆ. ತಲಾ ಎರಡು ಸೆಕೆಂಡ್, 24 ಬಿಟ್ ಮೋನೊ ಎಂದರೂ ಎಲ್ಲ ಸೇರಿ 7 ಎಂಬಿ ದಾಟುವುದಿಲ್ಲ. ಪ್ರತಿ ಸ್ಯಾಂಪಲಿನ ಮುಂದಿರುವ ಮೌನವನ್ನು ಆಡಾಸಿಟಿ ಎಂಬ ಧ್ವನಿ ಸಂಪಾದಕದಲ್ಲಿ ಪೆಟ್ಟಿನ ಅಂಚಿಗೇ ಕತ್ತರಿಸಿ. ಅಲ್ಲಿ 20 ಮಿಲಿಸೆಕೆಂಡ್ ಖಾಲಿ ಬಿಟ್ಟರೆ ಬಫರ್ ಇಳಿಸಿ ಗಳಿಸಿದ್ದೆಲ್ಲ ವ್ಯರ್ಥವಾಗುತ್ತದೆ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಮೊದಲ ಸಲ ಪ್ರತಿಯೊಂದು ಪೆಟ್ಟನ್ನೂ ಬೇರೆ ಬೇರೆಯಾಗಿ ಒಂದೇ ಗಟ್ಟಿತನಕ್ಕೆ ಏರಿಸಿಬಿಟ್ಟಿದ್ದೆ. ದುಡಿ ಬಾರಿಸಿಕೊಟ್ಟ ಹಿರಿಯರಿಗೆ ಕೇಳಿಸಿದಾಗ ಅವರು, “ಮಗಾ, ನಾನು ಇಷ್ಟು ಸಿಟ್ಟಿನಲ್ಲಿ ಬಾರಿಸಲಿಲ್ಲವಲ್ಲ” ಎಂದರು. ಅವರ ಮಾತು ಸರಿಯಾಗಿತ್ತು. ಮೆಲುಪೆಟ್ಟುಗಳ ಮೆದುತನವೇ ಹೋಗಿತ್ತು. ಏರಿಸುವುದಿದ್ದರೆ 24ನ್ನೂ ಒಟ್ಟಿಗೆ ಒಂದೇ ಪ್ರಮಾಣದಲ್ಲಿ ಏರಿಸಿ.

ಫೈಲು ಬರೆಯುವಾಗ ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು. ‘ಕೀ’ (key) ಎಂಬುದು ಸ್ಯಾಂಪಲನ್ನು ಒಂದೇ ಕೀಲಿಗೆ ಕಟ್ಟುತ್ತದೆ. ‘ಲೋವೆಲ್’ (lovel) ಮತ್ತು ‘ಹೈವೆಲ್’ (hivel) ಬಲದ ಮಿತಿಗಳನ್ನು ಹೇಳುತ್ತವೆ; ನಾನು 1ರಿಂದ 50, 51ರಿಂದ 95, 96ರಿಂದ 127 ಎಂದು ಹಂಚಿದ್ದೇನೆ. ‘ಸೀಕ್_ಲೆಂಗ್ತ್’ (seq_length) ಎಂಬುದಕ್ಕೆ 4 ಕೊಟ್ಟು, ‘ಸೀಕ್_ಪೊಸಿಷನ್’ (seq_position) ಎಂಬುದಕ್ಕೆ 1ರಿಂದ 4ರವರೆಗೆ ಕೊಟ್ಟರೆ ನಾಲ್ಕು ಪೆಟ್ಟುಗಳು ಸರದಿಯಂತೆ ಬರುತ್ತವೆ. ಇದಿಲ್ಲದಿದ್ದರೆ ಬೇಗ ಬೇಗ ಬಾರಿಸಿದಾಗ ಒಂದೇ ಸದ್ದು ಮರುಕಳಿಸಿ ಯಂತ್ರದಂತೆ ಕೇಳುತ್ತದೆ. ‘ಲೂಪ್_ಮೋಡ್’ (loop_mode) ಎಂಬುದಕ್ಕೆ ‘ಒನ್_ಶಾಟ್’ (one_shot) ಎಂದು ಬರೆಯಲು ಮರೆಯಬೇಡಿ. ಬರೆಯದಿದ್ದರೆ ಬೆರಳೆತ್ತಿದ ಕೂಡಲೇ ಸದ್ದು ಕತ್ತರಿಸಿಹೋಗುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಮುದ್ರಣದಲ್ಲೇ ಬಲದ ವ್ಯತ್ಯಾಸ ಇರುವಾಗ ಸ್ಯಾಂಪ್ಲರ್ ಮತ್ತೊಮ್ಮೆ ಅದನ್ನು ತಗ್ಗಿಸಿದರೆ ಮೆಲುಪೆಟ್ಟುಗಳು ಕೇಳಿಸುವುದೇ ಇಲ್ಲ. ಆದ್ದರಿಂದ ‘ಆಂಪ್_ವೆಲ್‌ಟ್ರ್ಯಾಕ್’ (amp_veltrack) ಎಂಬುದನ್ನು ಮೂಲದ 100ರಿಂದ 30ರ ಆಸುಪಾಸಿಗೆ ಇಳಿಸಿ, ಕಿವಿಗೆ ಒಪ್ಪುವಲ್ಲಿ ನಿಲ್ಲಿಸಿ.

ಕೊಡವರ ಸಾಂಪ್ರದಾಯಿಕ ಹಾಡುಗಾರಿಕೆಯಾದ ಬಾಳೋಪಾಟಿನಲ್ಲಿ ನಾಲ್ವರು ದುಡಿ ಹಿಡಿದು ಹಾಡುವುದನ್ನು ನೀವು ಕೇಳಿಯೇ ಇರುತ್ತೀರಿ. ಒಂದೇ ದುಡಿಯ ಮುದ್ರಣವನ್ನು ನಾಲ್ಕು ಪಟ್ಟಿಗಳಲ್ಲಿ (ಟ್ರ್ಯಾಕ್) ನಕಲಿಸಿದರೆ ಆ ಅನುಭವ ಬರುವುದಿಲ್ಲ, ಸದ್ದು ಗಟ್ಟಿಯಾಗುತ್ತದೆ ಅಷ್ಟೆ. ನಾಲ್ಕು ದುಡಿಗಳನ್ನು ಬೇರೆ ಬೇರೆಯಾಗಿ ಮುದ್ರಿಸುವುದೇ ಉತ್ತಮ. ಅದಾಗದಿದ್ದರೆ ಪ್ರತಿಯೊಂದಕ್ಕೂ ‘ಡಿಲೇ_ರ್‍ಯಾಂಡಮ್’ (delay_random) ಮೂಲಕ 10–15 ಮಿಲಿಸೆಕೆಂಡಿನಷ್ಟು, ‘ಪಿಚ್_ರ್‍ಯಾಂಡಮ್’ (pitch_random) ಮೂಲಕ ಕೆಲವೇ ಸೆಂಟ್‌ಗಳಷ್ಟು (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಅಸ್ಥಿರತೆ ಕೊಟ್ಟು, ಶ್ರುತಿಯನ್ನು ತುಸು ಮೇಲೆಕೆಳಗೆ ಮಾಡಿ.

ಕೊಂಬಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಊದುವವರ ಉಸಿರಿನೊಂದಿಗೆ ಅದರ ಸ್ವರ ಏರುತ್ತ, ಬಿರಿಯುತ್ತ ಹೋಗುತ್ತದೆ. ಅದನ್ನು ಕೀಲಿಗಳಿಗೆ ಹಂಚಿ ಎಳೆದರೆ ಜೀವ ಉಳಿಯುವುದಿಲ್ಲ. ಪೂರ್ತಿ ಊದುಗಳನ್ನೇ ಉದ್ದಕ್ಕೆ ಮುದ್ರಿಸಿ, ಒಂದು ಕೀಲಿಗೆ ಒಂದು ಊದಿನಂತೆ ಇಡಿ. ಇವು ಉದ್ದದ ಫೈಲುಗಳಾದ್ದರಿಂದ ಎಸ್‌ಫಿಝ್‌ನ ಮುಂಗಡ ಓದಿನ ಪ್ರಮಾಣವನ್ನು (preload size, ಮೊದಲೇ ಮೆಮೊರಿಗೆ ತುಂಬಿಕೊಳ್ಳುವ ಭಾಗ) ಚಿಕ್ಕದಾಗಿಯೇ ಇರಿಸಿ, ಆಗ ನಿಮ್ಮ 8 ಜಿಬಿಯಲ್ಲಿ ಪಿಯಾನೊಗೂ ಜಾಗ ಉಳಿಯುತ್ತದೆ.

ಮುದ್ರಿಸುವ ಮೊದಲು ನುಡಿಸುವವರ ಬಳಿ, ಇದು ಎಲ್ಲೆಲ್ಲಿ ಬಳಕೆಯಾಗುತ್ತದೆ ಎಂದು ತಿಳಿಸಿ ಒಪ್ಪಿಗೆ ಪಡೆಯಿರಿ, ಫೋಲ್ಡರಿನಲ್ಲಿ ಅವರ ಹೆಸರನ್ನೂ ಬರೆದಿಡಿ. ಮೊದಲ ದಿನವೇ 24 ಪೆಟ್ಟು ಬೇಡ. ಮೂರೇ ಸ್ಯಾಂಪಲ್‌ಗಳಿಂದ ಒಂದು ಚಿಕ್ಕ ಎಸ್‌ಎಫ್‌ಝಡ್ ಬರೆದು ನುಡಿಸಿ ನೋಡಿ. ಎಲ್ಲಾದರೂ ಸದ್ದು ಬಾರದಿದ್ದರೆ ಆ ಫೈಲಿನ ಸಾಲುಗಳನ್ನು ಇಲ್ಲಿಯೇ ಹಾಕಿ, ನಾನು ಓದಿ ಹೇಳುತ್ತೇನೆ.