ಓದುಗರ ಪ್ರಶ್ನೆ: ಕಾಗದದ ಕಾರ್ಖಾನೆಗಳು ಎಲ್ಲಿಗೆ ಹೋಗುತ್ತಿವೆ?

ಪ್ರಶ್ನೆ: ಯುರೋಪಿನಲ್ಲಿ ಕಾಗದದ ಕಾರ್ಖಾನೆಗಳು ಮುಚ್ಚುತ್ತಿವೆ ಎಂದು ಓದುತ್ತೇವೆ. ದಕ್ಷಿಣ ಅಮೆರಿಕದಲ್ಲಿ ಬೃಹತ್ ಕಾರ್ಖಾನೆಗಳು ಆರಂಭವಾಗುತ್ತಿವೆ ಎಂದೂ ಓದುತ್ತೇವೆ. ಎರಡೂ ನಿಜವೇ?
– ಓದುಗರೊಬ್ಬರು, ದಾಂಡೇಲಿ

ಉತ್ತರ: ಎರಡೂ ನಿಜ. ಬೇರೆ ಬೇರೆ ಸರಕುಗಳನ್ನು ನಾವು ‘ಕಾಗದ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ಓದುವ ಕಾಗದಕ್ಕೆ, ಅಂದರೆ ನ್ಯೂಸ್‌ಪ್ರಿಂಟ್ ಮತ್ತು ನಿಯತಕಾಲಿಕಗಳ ನುಣುಪು ಹಾಳೆಗೆ, ಬೇಡಿಕೆ ಕುಸಿದಿದೆ. ಪೆಟ್ಟಿಗೆಯ ರಟ್ಟಿಗೆ ಏರಿದೆ. ಫಿನ್ಲೆಂಡಿನ ಯುಪಿಎಂ ಕಂಪನಿಯು 2020ರ ಕೊನೆಯಲ್ಲಿ ಕೈಪೋಲಾ ಕಾರ್ಖಾನೆಯನ್ನು ಮುಚ್ಚಿದಾಗ ಆ ದೇಶದಲ್ಲಿ ನ್ಯೂಸ್‌ಪ್ರಿಂಟ್ ತಯಾರಿಕೆಯೇ ನಿಂತಿತು. ಅಲ್ಲಿನ ಔಲು ಪಟ್ಟಣದಲ್ಲಿ ಸ್ಟೋರಾ ಎನ್ಸೋ ಕಂಪನಿಯು ಮುದ್ರಣ ಕಾಗದವನ್ನು ಕೈಬಿಟ್ಟು ಅದೇ ಕಾರ್ಖಾನೆಯಲ್ಲಿ ರಟ್ಟಿನ ಕಾಗದ ತಯಾರಿಸತೊಡಗಿತು.

ಕೈಪೋಲಾವನ್ನು ಮುಚ್ಚಿದ ಅದೇ ಯುಪಿಎಂ 2023ರಲ್ಲಿ ಉರುಗ್ವೆಯ ಪಾಸೋ ದೆ ಲೊಸ್ ತೋರೋಸ್‌ನಲ್ಲಿ ವರ್ಷಕ್ಕೆ 21 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆಯನ್ನು ಆರಂಭಿಸಿತು. ಮರುವರ್ಷ ಬ್ರೆಜಿಲ್‌ನ ಸುಝಾನೋ ಕಂಪನಿಯು ರಿಬಾಸ್ ದೊ ರಿಯೋ ಪಾರ್ದೋದಲ್ಲಿ 25.5 ಲಕ್ಷ ಟನ್ ಸಾಮರ್ಥ್ಯದ ಇನ್ನೊಂದನ್ನು ತೆರೆಯಿತು. ಇವೆರಡೂ ತಯಾರಿಸುವುದು ಕಾಗದವನ್ನಲ್ಲ, ಕಾಗದಕ್ಕೆ ಕಚ್ಚಾವಸ್ತುವಾಗಿ ಹಡಗಿನಲ್ಲಿ ಹೊರದೇಶಗಳಿಗೆ ಸಾಗುವ ಮರದ ತಿರುಳನ್ನು ಎಂಬುದನ್ನು ಗಮನಿಸಬೇಕು. ಉತ್ತರ ಯುರೋಪಿನ ಚಳಿಯಲ್ಲಿ ಸ್ಪ್ರೂಸ್ ಮರ ಕಡಿತಕ್ಕೆ ಬರಲು ಅರುವತ್ತು ವರ್ಷಗಳಾದರೂ ಬೇಕು. ಬ್ರೆಜಿಲ್‌ನ ನೀಲಗಿರಿಗೆ ಏಳು ವರ್ಷ ಸಾಕು. ಆದರೆ ಈ ಅಗ್ಗದ ತಿರುಳಿನ ಬೆಲೆಯಲ್ಲಿ ಎಲ್ಲ ಖರ್ಚೂ ಸೇರಿಲ್ಲವೆಂದು ನನಗೆ ಅನಿಸುತ್ತದೆ. ಕೋಲಾರದ ಕಡೆ ನೀಲಗಿರಿ ತೋಪುಗಳು ಅಂತರ್ಜಲವನ್ನು ಹೀರಿದವೆಂದು ರೈತರು ದೂರಿದ್ದನ್ನು ಬಲ್ಲ ನಮಗೆ, ಬ್ರೆಜಿಲ್‌ನ ಜನ ಅಂಥ ತೋಪುಗಳನ್ನು ‘ಹಸಿರು ಮರುಭೂಮಿ’ ಎಂದು ಕರೆಯುವುದು ಏಕೆಂದು ವಿವರಿಸಬೇಕಾಗಿಲ್ಲ.

ಆ ತಿರುಳಿನ ದೊಡ್ಡ ಗ್ರಾಹಕ ಚೀನಾ. ಸುಮಾರು 2009ರಲ್ಲಿ ಅಮೆರಿಕವನ್ನು ಹಿಂದಿಕ್ಕಿದ ಆ ದೇಶವು ಈಗ ಜಗತ್ತಿನ ಕಾಲು ಭಾಗಕ್ಕಿಂತ ಹೆಚ್ಚು ಕಾಗದವನ್ನು ತಯಾರಿಸುತ್ತದೆ. ಅಮೆರಿಕ, ಯುರೋಪುಗಳ ರದ್ದಿಯನ್ನು ರಾಶಿಗಟ್ಟಲೆ ಕೊಳ್ಳುತ್ತಿದ್ದ ಚೀನಾ 2018ರಲ್ಲಿ ವಿಂಗಡಿಸದ ರದ್ದಿಯನ್ನೂ, 2021ರಿಂದ ಎಲ್ಲ ಘನತ್ಯಾಜ್ಯದ ಆಮದನ್ನೂ ನಿಷೇಧಿಸಿತು. ಆಗ ಆ ರದ್ದಿ ಭಾರತ ಮತ್ತು ಆಗ್ನೇಯ ಏಷ್ಯಾದತ್ತ ತಿರುಗಿತು. ಚೀನಾದ ಕಂಪನಿಗಳೇ ಮಲೇಷ್ಯಾಕ್ಕೆ ಹೋಗಿ ಕಾರ್ಖಾನೆ ಹೂಡಿದವು.

ಪ್ರಶ್ನೆ: ಭದ್ರಾವತಿಯಲ್ಲೇ ತಯಾರಾಗುತ್ತಿದ್ದ ಪತ್ರಿಕಾ ಕಾಗದವನ್ನು ಹೊರದೇಶದಿಂದ ತರಿಸುವ ಸ್ಥಿತಿ ಏಕೆ ಬಂತು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು, ಅದನ್ನೇ ನೆಚ್ಚಿದ್ದ ಊರಿನ ನೋವು ಇಂದಿಗೂ ಆರಿಲ್ಲ. ದೇಶದ ಇತರ ಕೆಲವು ಕಾರ್ಖಾನೆಗಳು ಕೋವಿಡ್ ಕಾಲದಲ್ಲಿ ಪತ್ರಿಕೆಗಳ ಬೇಡಿಕೆ ಕುಗ್ಗಿದಾಗ ಪೆಟ್ಟಿಗೆ ಕಾಗದಕ್ಕೆ ಹೊರಳಿದವು. ಹೊರಗಿನ ತಯಾರಕರೂ ಕಡಿಮೆಯಾಗುತ್ತಿರುವುದರಿಂದ ಎಲ್ಲಿ ತೊಡಕಾದರೂ ಬೆಲೆ ಜಿಗಿಯುತ್ತದೆ. 2022ರಲ್ಲಿ ಯುಪಿಎಂ ಕಾರ್ಮಿಕರ 112 ದಿನಗಳ ಮುಷ್ಕರ ಮತ್ತು ಯುಕ್ರೇನ್ ಯುದ್ಧ ಒಟ್ಟಿಗೆ ಬಂದಾಗ ಆದದ್ದು ಅದೇ. ಕೇಂದ್ರ ಸರ್ಕಾರವು 2019ರಲ್ಲಿ ನ್ಯೂಸ್‌ಪ್ರಿಂಟ್ ಮೇಲೆ ಶೇ 10ರಷ್ಟು ಆಮದು ಸುಂಕ ವಿಧಿಸಿ, ಮರುವರ್ಷ ಅದನ್ನು ಶೇ 5ಕ್ಕೆ ಇಳಿಸಿತ್ತು. ಭದ್ರಾವತಿಯ ಯಂತ್ರಗಳು ಅಷ್ಟರಲ್ಲಿ ನಿಂತು ನಾಲ್ಕೈದು ವರ್ಷಗಳಾಗಿದ್ದವು.