ಶಿರಸಿಯಲ್ಲಿ ಕೂತು ವರ್ಚುವಲ್ ಟೀಮ್ ಇಟ್ಟುಕೊಂಡು ಬಿಸಿನೆಸ್ ನಡೆಸಬಹುದಾ?

ಆರಾಮಾಗಿ ನಡೆಸಬಹುದು, ಆದರೆ ಮಳೆಗಾಲಕ್ಕೆ ತಯಾರಿರಬೇಕು. ನಾವು ಆರು ಜನ ಬೇರೆ ಬೇರೆ ಊರಿನಲ್ಲಿ ಕೂತು, ನೆಟ್ ಮೂಲಕವೇ ಸೇರಿ ವೆಬ್‌ಸೈಟ್ ಮಾಡಿಕೊಡುತ್ತೇವೆ. ನಾನು ಶಿರಸಿಯಲ್ಲಿ, ಉಳಿದವರು ಕುಮಟಾ, ಕಾರವಾರ, ಬೆಂಗಳೂರಿನಲ್ಲಿ.

ಆಫೀಸು ಬಾಡಿಗೆ ಉಳಿಯುವುದು ಸಣ್ಣ ಲಾಭ. ದೊಡ್ಡ ಲಾಭ ಜನ. ವಯಸ್ಸಾದ ಅಪ್ಪ-ಅಮ್ಮ, ಅಡಿಕೆ ತೋಟ ಬಿಟ್ಟು ಹೋಗಲಾಗದ ಬುದ್ಧಿವಂತರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ಹೊತ್ತಲ್ಲಿ ನಾಲ್ಕು ದಿನ ರಜೆ ಕೇಳುತ್ತಾರೆ, ಕೊಟ್ಟುಬಿಡಿ. ಸುಮ್ನೆ ಕೆಲಸ ಬಿಟ್ಟು ಹೋಗುವವರಲ್ಲ.

ತೊಂದರೆ ಶುರುವಾಗುವುದು ಜೂನ್‌ನಲ್ಲಿ. ಮರ ಬಿದ್ದು ಲೈನ್ ಹರಿದರೆ ಇನ್ವರ್ಟರ್ ಇದ್ದರೂ ನೆಟ್ ಇರುವುದಿಲ್ಲ. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ. ಅಮೆರಿಕದ ಗಿರಾಕಿ ಇದ್ದರೆ ಗಡಿಯಾರವನ್ನೂ ನೋಡಿಕೊಳ್ಳಿ: ನ್ಯೂಯಾರ್ಕಿನ ಬೆಳಿಗ್ಗೆ 9 ಅಂದರೆ ನಮಗೆ ಅಲ್ಲಿನ ಬೇಸಿಗೆಯಲ್ಲಿ ಸಂಜೆ 6.30, ಅಲ್ಲಿನ ಚಳಿಗಾಲದಲ್ಲಿ 7.30.

ಇದೆಲ್ಲಕ್ಕಿಂತ ಜಾಸ್ತಿ ಕಾಡುವುದು ಮಾತು. ಒಮ್ಮೆ ಹುಡುಗನೊಬ್ಬ ವಾಟ್ಸಾಪಿನಲ್ಲಿ ‘ಸರಿ’ ಅಂತ ಬರೆದ. ಕೆಲಸ ಮುಗಿಯಿತು ಅಂದುಕೊಂಡೆ. ಅವನ ಅರ್ಥ ‘ನೋಡ್ತೇನೆ’ ಅಂತ! ಗಿರಾಕಿಯ ಮುಂದೆ ಖಾಲಿ ಪುಟ ತೆರೆಯಿತು. ಈಗ ಯಾರು, ಏನು, ಯಾವಾಗ ಅಂತ ಒಂದು ಶೀಟಿನಲ್ಲಿ ಬರೆಯುತ್ತೇವೆ. ತಿಂಗಳಿಗೊಮ್ಮೆ ಕುಮಟಾದಲ್ಲಿ ಸೇರಿ ಊಟ ಮಾಡುತ್ತೇವೆ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.